ಎಡಗೋಲಿನ ಪಾಟಾ

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಬೆಳಿಗ್ಗೆ ಆರು ಗಂಟೆ. ಸ್ಥಳ, ರೋಣದ ನಮ್ಮ ಮನೆಯ ಮುಂದಿನ ಬಯಲು. ಹಾಜರಿದ್ದವನು ನಾನೊಬ್ಬನೇ.

ಸೈನ್ಯದಲ್ಲಿ ಲಾರಿ ನಡೆಸುತ್ತಿದ್ದ ಕಾಲದಿಂದ ಬಂದ ರೂಢಿ ಇದು. ಗಾಡಿ ಹೊರಡುವ ಮೊದಲು ದಿನ, ಹೊತ್ತು, ಹಾಜರಿದ್ದವರು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಎಣ್ಣೆ, ನೀರು, ಗಾಳಿ, ಕೊನೆಗೆ ಕೆಳಗೆ ಬಗ್ಗಿ ಪಾಟಾ ನೋಡಬೇಕು. ಹೆಂಡತಿ ಇದ್ದಾಗ "ಹಾಜರಿದ್ದವರು ಇಬ್ಬರು" ಎನ್ನುತ್ತಿದ್ದೆ. ಅವಳು ಗಾಡಿಯೊಳಗಿನಿಂದ, "ಮೂರು ಮಂದಿರೀ, ಗಾಡೀನ ಬಿಟ್ಟು ಎಣಸ್ತೀರೇನು?" ಎಂದು ತಿದ್ದುತ್ತಿದ್ದಳು. ಅವಳು ಹೋಗಿ ವರ್ಷ ದಾಟಿತು. ರೂಢಿ ಉಳಿದಿದೆ. ಒಬ್ಬನೇ ಎಂದು ಹೇಳುವಾಗ ದನಿ ತಾನಾಗಿ ತಗ್ಗುತ್ತದೆ.

ಗಾಡಿ ಎಂದರೆ ಹಳೆಯ ಮಿನಿ ಬಸ್ಸು. ಶಾಲೆಯ ಮಕ್ಕಳನ್ನು ಹೊತ್ತು ಸವೆದದ್ದನ್ನು ನಿವೃತ್ತನಾದ ಮೇಲೆ ತಂದು, ಸೀಟುಗಳನ್ನು ಕಿತ್ತು, ಒಳಗೆ ಮನೆ ಮಾಡಿದೆ. ಎಡಗಡೆ ಒಲೆಯ ಕಟ್ಟೆ, ಸಿಲಿಂಡರು, ನೀರಿನ ಟಾಕಿ, ಅವುಗಳ ಹಿಂದೆ ಅವಳ ಹಾಸಿಗೆ. ಬಲಗಡೆ ಬಟ್ಟೆಯ ಕಪಾಟು, ನನ್ನ ಹಾಸಿಗೆ. ಅವಳೇ ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟಳು. "ನೀವು ದೇಶಾ ತಿರಿಗಿದ್ರಿ, ನಾ ಒಂದ ಗ್ವಾಡಿ ನೋಡಕೋತ ಕುಂತೆ. ಈಗ ಆ ಗ್ವಾಡೀನ ತಿರಗಲಿ" ಎಂದಳು. ಹಾಗೆಯೇ ತಿರುಗಿದೆವು. ಹಂಪಿ, ಕೂಡಲಸಂಗಮ, ಪಂಢರಪುರ, ಒಮ್ಮೆ ಗೋಕರ್ಣದ ಸಮುದ್ರದವರೆಗೆ.

ಮನೆ ಕಟ್ಟುವಾಗ ಯಾವ ಗೋಡೆಗೆ ಎಷ್ಟು ಸಾಮಾನು ಎಂದು ಯಾರೂ ನೋಡುವುದಿಲ್ಲ. ಗಾಡಿಯಲ್ಲಿ ನೋಡಲೇಬೇಕು. ಟಾಕಿಯನ್ನು ಬಲಕ್ಕೆ ಕೂಡಿಸೋಣ, ತೂಕ ಸಮವಾಗುತ್ತದೆ ಎಂದು ನಾನು ಹೇಳಿದ್ದೆ. ಕೈಗೆ ನೀರು ಸಿಗದ ಅಡಿಗೆಮನೆ ಯಾವ ಸೀಮೆಯದು ಎಂದು ಅವಳು ಕೇಳಿದಳು. ಟಾಕಿ ಎಡಕ್ಕೇ ಬಂತು. ಅದರ ಹಿಂದೆಯೇ ಮಸಾಲೆ ಕುಟ್ಟುವ ಕಲ್ಲಿನ ಖಲಬತ್ತಾ, ಕಬ್ಬಿಣದ ಹಂಚು, ಜೋಳದ ಹಿಟ್ಟಿನ ಡಬ್ಬಿ ಎಲ್ಲವೂ ಎಡಕ್ಕೇ ಬಂದವು.

ಗಾಲಿಯ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಆ ಕಟ್ಟಿಗೂ ಅದರ ಒಂದೊಂದು ಪಟ್ಟಿಗೂ ನಮ್ಮ ಕಡೆ ಪಾಟಾ ಎಂದೇ ಹೆಸರು. ಗಾಡಿಯ ಭಾರವೆಲ್ಲ ಅದರ ಮೇಲೆ. ದಿನವೂ ಒಂದೇ ಕಡೆ ಭಾರ ಬಿದ್ದರೆ ಆ ಕಡೆಯ ಬಿಲ್ಲು ಚಪ್ಪಟೆಯಾಗುತ್ತ ಹೋಗುತ್ತದೆ. ಕೆಲವು ವರ್ಷಗಳಲ್ಲಿ ನಮ್ಮ ಗಾಡಿ ಎಡಕ್ಕೆ ವಾಲಿತು. ಮೊದಲು ಕಂಡುಹಿಡಿದವಳು ಅವಳೇ. ಒಲೆಯ ಕಟ್ಟೆಯ ಮೇಲೆ ಇಟ್ಟ ನಿಂಬೆಹಣ್ಣು ಉರುಳಿ ಎಡಗೋಡೆಗೆ ಹೋಗಿ ಕೂರುತ್ತಿತ್ತು. ಅಂದಿನಿಂದ ನಮಗೆ ನಿಂಬೆಹಣ್ಣೇ ಮಟ್ಟಗೋಲು.

ಗಜೇಂದ್ರಗಡದ ಪಾಟಾ ಮಿಸ್ತ್ರಿಯ ಬಳಿ ಹೋದೆವು. ಪಾಟಾದ ಕೆಲಸಕ್ಕೆ ಒಂದು ನಿಯಮವಿದೆ: ಮಾಡಿದರೆ ಎರಡೂ ಕಡೆ ಮಾಡಬೇಕು, ಒಂದು ಕಡೆ ಮುಟ್ಟಬಾರದು. ಅದು ಮಿಸ್ತ್ರಿಗೂ ಗೊತ್ತು, ನನಗೂ ಗೊತ್ತು. ಆದರೆ ಬಲಗಡೆಗೆ ಭಾರವೇ ಇರಲಿಲ್ಲ. ಅಲ್ಲಿಗೂ ಒಂದು ಪಾಟಾ ಸೇರಿಸಿದ್ದರೆ ಆ ಕಡೆ ಎತ್ತರವಾಗಿ ಮತ್ತೆ ವಾಲುತ್ತಿತ್ತು. ಆದ್ದರಿಂದ ಎಡಕ್ಕೆ ಮಾತ್ರ ಒಂದು ಪಾಟಾ ಹೆಚ್ಚಿಗೆ ಕೊಟ್ಟೆವು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಡಗೋಲಿಗೆ ಹೆಚ್ಚಿಗಿ ಮೇವು ಹಾಕಿದ್ರಿ. ಬಲಗೋಲಿಗೆ ಹೊಟ್ಟಿಕಿಚ್ಚು ಬರೂದಿಲ್ಲೇನು?" ಎಂದಳು.

ಜೋಡೆತ್ತಿನಲ್ಲಿ ಎಡಕ್ಕೆ ಕಟ್ಟುವ ಎತ್ತು ಎಡಗೋಲು, ಬಲಕ್ಕೆ ಕಟ್ಟುವುದು ಬಲಗೋಲು. ನಾನು ಬಲಕ್ಕೆ ಕೂತು ಸ್ಟೇರಿಂಗ್ ಹಿಡಿಯುವವನು, ಅವಳು ಎಡಕ್ಕೆ. ಆ ದಿನದಿಂದ ಅವಳು ತನ್ನನ್ನು ಎಡಗೋಲು ಎಂದೇ ಕರೆದುಕೊಂಡಳು. ಎಲ್ಲಿ ಗಾಡಿ ನಿಲ್ಲಿಸಿದರೂ ಅದು ಉರುಳದಂತೆ ನಾನು ಬಲಗಡೆಯ ಗಾಲಿಗೆ ಕಲ್ಲು ಕೊಡುವುದು, ಅವಳು ಇಳಿದು ಎಡಗಡೆಯ ಗಾಲಿಗೆ ಕಲ್ಲು ಕೊಡುವುದು. ಕೊಟ್ಟ ಮೇಲೆ ಕೂಗಿ ಹೇಳಬೇಕೆಂದು ನಾನು ಕಲಿಸಿದ್ದೆ. ಅವಳು ಹೇಳುತ್ತಿದ್ದ ರೀತಿಯೇ ಬೇರೆ: "ಎಡಗೋಲ ಕಲ್ಲು ಕೊಟ್ಟೈತ್ರಿ, ಸಾಹೇಬ್ರ!"

ಅವಳು ತೀರಿಕೊಂಡ ಮೇಲೆ ಟಾಕಿ, ಒಲೆ, ಸಿಲಿಂಡರು ಎಲ್ಲ ಇಳಿಸಿದೆ. ಒಬ್ಬನಿಗೆ ಗಾಡಿಯಲ್ಲಿ ಅಡಿಗೆ ಏಕೆ? ಇಳಿಸಿದ ಮರುದಿನ ನೋಡಿದರೆ ಎಡಗಡೆ ಎದ್ದು ನಿಂತಿತ್ತು. ಹೆಚ್ಚಿಗೆ ಕೊಟ್ಟ ಪಾಟಾಕ್ಕೆ ಹೊರಲು ಭಾರ ಸಿಗದೆ ಗಾಡಿ ಬಲಕ್ಕೆ, ನನ್ನ ಕಡೆಗೆ, ವಾಲಿತ್ತು. ನಿಂಬೆಹಣ್ಣು ಇಟ್ಟೆ. ಉರುಳಿ ನನ್ನ ಹಾಸಿಗೆಯ ಕೆಳಗೆ ಹೋಯಿತು. ಮಿಸ್ತ್ರಿಯ ಹತ್ತಿರ ಹೋಗಿ ಆ ಪಾಟಾ ತೆಗೆಸಿದ್ದರೆ ಒಂದು ಬೆಳಗಿನ ಕೆಲಸ. ಹೋಗಲಿಲ್ಲ. ಹಳ್ಳದ ಉಸುಕನ್ನು ಚೀಲಗಳಲ್ಲಿ ತುಂಬಿ ಅವಳ ಹಾಸಿಗೆಯ ಮೇಲೆ ಉದ್ದಕ್ಕೆ ಹೊಂದಿಸಿದೆ. ಉಸುಕು ಹಾರದಿರಲೆಂದು ಮೇಲೆ ಅವಳ ಕೌದಿ ಹೊದಿಸಿದೆ. ನಿಂಬೆಹಣ್ಣು ನಿಂತಲ್ಲೇ ನಿಂತಿತು. ಭಾನುವಾರಕ್ಕೊಮ್ಮೆ ಎಂಜಿನ್ನಿಗೆ ಜಡ ಹಿಡಿಯಬಾರದೆಂದು ಸವಡಿಯವರೆಗೆ ಓಡಿಸಿ ತರುತ್ತಿದ್ದೆ. ಕನ್ನಡಿಯಲ್ಲಿ ಆ ಕೌದಿ ಕಾಣುತ್ತಿತ್ತು.

ಹಾಗೆಯೇ ಇರುತ್ತಿತ್ತೋ ಏನೋ. ಆದರೆ ಸೂಡಿಯಲ್ಲಿರುವ ಅವಳ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಆಗಿ ಸೂಡಿಗೆ ಮರಳಿದ್ದಳು. ಮುಂದೆ ಅವಳನ್ನು ನಡೆಸಿ ರೂಢಿ ಮಾಡಿಸುವುದು ದೊಡ್ಡ ಕೆಲಸ. ನರಗುಂದದಲ್ಲಿರುವ ನನ್ನ ಮಗಳು ನರ್ಸ್ ಆಗಿ ಕೆಲಸ ಮಾಡುತ್ತಾಳೆ. ದೊಡ್ಡವ್ವನನ್ನು ತನ್ನ ಮನೆಯಲ್ಲಿಟ್ಟುಕೊಂಡು ನಡೆಸುತ್ತೇನೆ ಎಂದಳು. ಅಕ್ಕನದು ಒಂದೇ ಹಟ, ಮತ್ತೆ ಆಂಬುಲೆನ್ಸ್ ಹತ್ತುವುದಿಲ್ಲ. "ನನ್ನ ತಂಗಿ ಅದರಾಗ ಹೋದ್ಲು, ಹೊಳ್ಳಿ ಬಂದ್ಲೇನು? ಒಯ್ದ್ರ ಆಕಿ ಗಾಡ್ಯಾಗ ಒಯ್ರಿ, ಇಲ್ಲಾಂದ್ರ ಇಲ್ಲೇ ಬಿದ್ದಿರ್ತೀನಿ" ಎಂದು ಹೇಳಿ ಕಳಿಸಿದಳು. ಮಗಳು ಡಾಕ್ಟರನ್ನು ಕೇಳಿದಳು. ಹಾಸಿಗೆ ಸಮ ಇರಬೇಕು, ರೋಗಿ ಪಕ್ಕಕ್ಕೆ ಉರುಳಬಾರದು, ಕುಲುಕಾಟ ಆಗಬಾರದು, ಇನ್ನೊಮ್ಮೆ ಸರಿದರೆ ಅವಳು ಮತ್ತೆ ಏಳುವುದಿಲ್ಲ ಎಂದು ಅವರು ಹೇಳಿದರು.

ಒಬ್ಬರು ಚಾಚಿ ಮಲಗುವ ಹಾಸಿಗೆ ಎಂದರೆ ಅವಳದೇ. ನನ್ನದು ಗಿಡ್ಡ, ಗಾಲಿಯ ನೆತ್ತಿಯ ಮೇಲೆ ಬೇರೆ ಬರುತ್ತದೆ. ಹಾಗಾದರೆ ಚೀಲ ಇಳಿಯಬೇಕು. ಚೀಲ ಇಳಿದರೆ ಗಾಡಿ ವಾಲುತ್ತದೆ. ವಾಲಬಾರದೆಂದರೆ ಪಾಟಾ ಹೊರಗೆ ಬರಬೇಕು. ಬೇರೆ ದಾರಿ ಇರಲಿಲ್ಲ. ಹುಡುಕಿದ್ದೆ.

ಎಣ್ಣೆ, ನೀರು, ಗಾಳಿ ನೋಡಿ ಹೊರಟೆ. ದಾರಿಯ ಎರಡೂ ಕಡೆ ಕರಿಹೊಲದಲ್ಲಿ ಹೆಸರಿನ ಬೆಳೆ ಎದ್ದಿತ್ತು. ಹಬ್ಬದ ಮರುದಿನವಾದ್ದರಿಂದ ರಸ್ತೆಯಲ್ಲಿ ಜನ ಕಡಿಮೆ. ಪ್ರತಿ ವರ್ಷ ಅವಳು ಮಣ್ಣಿನ ಎತ್ತು ಮಾಡಿ ಸ್ಟೇರಿಂಗಿನ ಮುಂದೆ ಜೋಡಿಯಾಗಿ ನಿಲ್ಲಿಸುತ್ತಿದ್ದಳು. ಈ ಸಲ ಆ ಜಾಗದಲ್ಲಿ ನನ್ನ ಕನ್ನಡಕದ ಡಬ್ಬಿ ಇತ್ತು.

ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳು ಕಂಡವು, ಊರು ಬಂತು. ಮಿಸ್ತ್ರಿ ಆಗಷ್ಟೇ ಅಂಗಡಿಯ ಮುಂದೆ ನೀರು ಹೊಡೆಯುತ್ತಿದ್ದ. ಗಾಡಿಯನ್ನು ಕಂಡು ಓಡಿಬಂದ.

"ಏನ್ರಿ ಕಾಕಾರ, ಎಷ್ಟು ದಿವಸಾತು! ಗಾಡಿ ಮಾರಿ ಹಾಕಿದ್ರೇನೋ ಅನ್ನಕೊಂಡಿದ್ದೆ" ಎಂದು ಸುತ್ತು ಹಾಕಿ ನೋಡಿದ. "ಸರಿ ನಿಂತೈತಲ್ರಿ. ನನ್ನ ಕೈ ಅಂದ್ರ ಏನು! ಯಾಕ ಬಂದ್ರಿ ಮತ್ತ?"

"ಎಡಗಡೆ ಹೆಚ್ಚಿಗೆ ಹಾಕಿದ ಪಾಟಾ ತೆಗೀಬೇಕು" ಎಂದೆ.

"ಚಲೋ ಐತಲ್ರಿ, ಯಾಕ ತಗೀತೀರಿ?" ಎನ್ನುತ್ತ ಬಾಗಿಲಿನಿಂದ ಒಳಗೆ ಇಣುಕಿದ. ಹಾಸಿಗೆಯ ಮೇಲಿನ ಕೌದಿಯನ್ನು ಕಂಡ. ಕೂಡಲೇ ದನಿ ತಗ್ಗಿಸಿದ. "ಕಾಕು ಮಲಗ್ಯಾರೇನ್ರಿ? ಮೊದಲ ಹೇಳಬಾರದೇನು? ಸಾವಕಾಶ ಜಾಕ್ ಏರಸ್ತೀನಿ, ಎಚ್ಚರ ಮಾಡೂದು ಬ್ಯಾಡ. ಹೋದ ಸಲ ಚಾ ಆರಿತು ಅಂತ ಬೈಸಿಕೊಂಡೀನಿ."

"ಅದು ಉಸುಕು" ಎಂದೆ.

ಅವನು ನಕ್ಕ. "ಕಾಕು ಕೇಳಿಸಿಕೊಂಡ್ರ ಇವತ್ತು ನಿಮಗ ರೊಟ್ಟಿ ಇಲ್ಲ ನೋಡ್ರಿ."

ನಾನು ಹತ್ತಿ ಕೌದಿಯ ಅಂಚು ಹಿಡಿದು ಎತ್ತಿದೆ. ಚೀಲಗಳು ಸಾಲಾಗಿ ಮಲಗಿದ್ದವು. ಅವನು ನೋಡಿದ, ನನ್ನನ್ನೂ ನೋಡಿದ. ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟ.

"ಯಾವಾಗ್ರಿ?"

"ಹೋದ ವರ್ಷ."

"ನನಗ ಯಾರೂ ಹೇಳಲಿಲ್ಲಲ್ರಿ" ಎಂದ. ಹೇಳಬೇಕಾದವರ ಸಾಲಿನಲ್ಲಿ ಅವನು ಇದ್ದಾನೆಂದು ನಮಗಾರಿಗೂ ಹೊಳೆದಿರಲಿಲ್ಲ. ಅವನು ಚೀಲ ಇಳಿಸಲು ಕೈ ಹಾಕಿದ. ಮೊದಲನೆಯದನ್ನು ನಾನೇ ಇಳಿಸಿದೆ, ಉಳಿದವನ್ನು ಅವನಿಗೆ ಬಿಟ್ಟೆ. ಒಂದೊಂದು ಚೀಲ ಇಳಿದಂತೆ ಗಾಡಿ ಮೈ ಹೊರಳಿಸಿತು. ಕೊನೆಯ ಚೀಲ ಇಳಿದಾಗ ಬಲಗಡೆಯ ಅಂಚು ಪೂರ್ತಿ ಕುಸಿಯಿತು. ಉಸುಕನ್ನು ಅವನ ಅಂಗಡಿಯ ಮುಂದಿನ ಕೆಸರಿನ ಕುಣಿಯಲ್ಲಿ ಸುರುವಿ, ಚೀಲಗಳನ್ನು ಝಾಡಿಸಿ ಮಡಚಿಟ್ಟೆ.

ಮಿಸ್ತ್ರಿ ಒಂದು ಮಾತು ಸೂಚಿಸಿದ: ತೆಗೆಯುವ ಬದಲು ಬಲಕ್ಕೂ ಒಂದು ಹಾಕಿಬಿಡೋಣ, ಜೋಡಿ ಆಗುತ್ತದೆ, ಎಡಗಡೆಯದು ಇದ್ದಲ್ಲೇ ಇರುತ್ತದೆ. ನನ್ನ ಮನಸ್ಸು ಆ ಕಡೆ ಓಡಿತು. ಆದರೆ ಎರಡೂ ಕಡೆ ಹೆಚ್ಚಿದರೆ ಖಾಲಿ ಗಾಡಿ ಕಲ್ಲಿನಂತೆ ಬಿರುಸಾಗಿ ಕುಣಿಯುತ್ತದೆ. ಮುರಿದ ಸೊಂಟದವಳನ್ನು ಅದರಲ್ಲಿ ಒಯ್ಯುವಂತಿಲ್ಲ. ಹಾಗೆಂದೆ. ಅವನೂ ಹೌದೆಂದು ತಲೆ ಆಡಿಸಿದ.

ಜಾಕ್ ಏರಿಸಿದ. ಬೋಲ್ಟುಗಳು ಜಂಗು ಹಿಡಿದಿದ್ದವು. ಎಣ್ಣೆ ಬಿಟ್ಟು ಕಾದೆವು. ಕಟ್ಟು ಬಿಚ್ಚಿದಾಗ ಪಾಟಾಗಳು ಒಂದೊಂದಾಗಿ ಸಡಿಲಗೊಂಡವು. ನಡುವೆ ಹಾಕಿದ್ದನ್ನು ಅವನು ಎಳೆದು ನೆಲಕ್ಕೆ ಇಟ್ಟ. ಮೈಯೆಲ್ಲ ಕೆಂಪು ಜಂಗು. ಎರಡು ತುದಿಗಳು ಮಾತ್ರ ಕೆಳಗಿನ ಪಾಟಾಕ್ಕೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿದ್ದವು. ಹೊಸದಾಗಿ ಹಾಕುವಾಗ ಬಿಲ್ಲಿನಂತಿತ್ತು. ಈಗ ಬಾಗು ಅರ್ಧಕ್ಕೆ ಇಳಿದಿತ್ತು.

ಭಾರದ ಲೆಕ್ಕ ನನಗೆ ಬರುತ್ತದೆ. ಅದನ್ನು ಚಪ್ಪಟೆ ಮಾಡಿದ್ದು ನೀರು, ಕಬ್ಬಿಣ, ಕಲ್ಲು. ಕೊನೆಕೊನೆಗೆ ನಾನು ಎರಡು ಕೈಯಲ್ಲಿ ಎತ್ತಿ ಕೂರಿಸುತ್ತಿದ್ದ ಹೆಂಗಸಿನ ತೂಕ ಪಾಟಾಕ್ಕೆ ಗೊತ್ತೂ ಆಗುವಂಥದ್ದಲ್ಲ. ಅದೆಲ್ಲ ಗೊತ್ತಿದ್ದೂ ಕೂತು ಅದನ್ನು ಬಟ್ಟೆಯಿಂದ ಒರೆಸಿದೆ.

"ಒಯ್ತೀರೇನ್ರಿ?" ಮಿಸ್ತ್ರಿ ಕೇಳಿದ.

"ಒಯ್ತೀನಿ."

ಗಾಡಿ ಇಳಿಸಿ ನಿಂಬೆಹಣ್ಣು ಇಟ್ಟೆವು. ತುಸು ಅಲುಗಿ ನಿಂತಿತು.

ಸೂಡಿ ಮುಟ್ಟಿದಾಗ ಅಕ್ಕ ಪಡಸಾಲೆಯ ಹೊರಸಿನ ಮೇಲೆ ಹೊಸ ಸೀರೆ ಉಟ್ಟು ಮಲಗಿದ್ದಳು. ಅವಳು ನನ್ನ ಸೋದರಮಾವನ ಹಿರಿಯ ಮಗಳು. ನನ್ನನ್ನು ಚಡ್ಡಿ ಹಾಕದ ವಯಸ್ಸಿನಿಂದ ನೋಡಿದವಳು, ಇಂದಿಗೂ ಏಕವಚನ ಬಿಟ್ಟಿಲ್ಲ.

"ಆರಕ್ಕ ಹೊಂಡತೀನಿ ಅಂದಿ, ಈಗ ಬಂದಿ. ಮಿಲಿಟ್ರಿಯಾಗ ಇದ್ನ ಕಲಿಸಿದ್ರೇನು?"

"ಪಾಟಾ ಬಿಚ್ಚೂದಿತ್ತಕ್ಕಾ."

"ನನ್ನ ಸೊಂಟಾ ಬಿಚ್ಚೈತಿ, ಅದಕ್ಕ ಯಾವ ಮಿಸ್ತ್ರಿ?"

ಅವಳ ಇಬ್ಬರು ಗಂಡುಮಕ್ಕಳು, ಸೊಸೆ, ನಾನು ಸೇರಿ ಹಲಗೆಯ ಮೇಲೆ ಅವಳನ್ನು ಎತ್ತಿದೆವು. ನಾನು ಲೆಕ್ಕ ಹೇಳಿ ಎತ್ತಿಸಿದೆ, ಲೆಕ್ಕ ಹೇಳಿ ಇಳಿಸಿದೆ. "ಗೋಧಿ ಚೀಲ ಮಾಡ್ಯಾನ ನೋಡು ನನ್ನ" ಎಂದು ಅವಳು ಬೈಯುತ್ತಲೇ ಇದ್ದಳು. ಹಾಸಿಗೆಗೆ ಬಂದ ಮೇಲೆ ನೋವಿಗೆ ಕಣ್ಣು ಮುಚ್ಚಿದಳು. ಸೊಸೆ ಪಕ್ಕದಲ್ಲಿ ಕೂತಳು. ಎರಡೂ ಕಡೆ ದಿಂಬು ಕೊಟ್ಟು ಕೌದಿ ಹೊದಿಸಿ ಹೊರಟೆ.

ಅಷ್ಟು ನಿಧಾನವಾಗಿ ಗಾಡಿ ಯಾವತ್ತೂ ನಡೆಸಿಲ್ಲ. ಕುಣಿ ಕಂಡಲ್ಲೆಲ್ಲ ನಿಂತು, ಒಂದೊಂದೇ ಗಾಲಿ ಇಳಿಸಿ ಏರಿಸಿದೆ. ಹಿಂದಿನ ಸೈಕಲ್ ಮೋಟಾರಿನವರೆಲ್ಲ ಹಾರ್ನು ಹೊಡೆದು ಮುಂದೆ ಹೋದರು. ರೋಣ ದಾಟಿದ ಮೇಲೆ ಸೊಸೆ ನಿದ್ದೆ ಹೋದಳು. ಅಕ್ಕ ಮಾತಾಡಿದಳು.

"ಇಲ್ಲಿ ಗಾದ್ಯಾಗ ತಗ್ಗು ಬಿದ್ದೈತೆಲೋ."

"ಉಸುಕಿನ ಚೀಲ ಇಟ್ಟಿದ್ದೆ."

"ನನ್ನ ತಂಗಿ ಜಾಗಾದಾಗ ಉಸುಕು?"

"ಗಾಡಿ ವಾಲತಿತ್ತು."

"ಯಾವ ಕಡೆ?"

"ನನ್ನ ಕಡೆ."

"ವಾಲಲಿ ಅಂತ ಬಿಡಬೇಕಿತ್ತು" ಎಂದಳು. "ಒಂದೆತ್ತು ಹೋದಮ್ಯಾಲೂ ಬಂಡಿ ನೆಟ್ಟಗ ಹೊಂಟಿತು ಅಂದ್ರ ನೋಡಿದವರು ನಗತಾರ." ಮತ್ತೆ ತಾನೇ ಮುಂದುವರಿಸಿದಳು. "ಆಕಿ ಈ ಹಾಸಿಗಿ ಮ್ಯಾಲ ಹ್ಯಾಂಗ ಮಲಗತಿದ್ಲು ಗೊತ್ತೈತೇನು ನಿನಗ?"

"ಹ್ಯಾಂಗ?"

"ಪಾಟಾ ಹಾಕ್ಸೂಕಿಂತ ಮೊದಲ ನಾ ಒಮ್ಮೆ ನಿಮ್ಮ ಜೋಡಿ ಬಂದಿದ್ದೆ. ಗ್ವಾಡಿ ಕಡೆ ಇಷ್ಟ ಜಾಗಾ ಬಿಟ್ಟು, ಬೀಳೂವಂಗ ಈ ಅಂಚಿಗೆ ಮಲಗಿದ್ಲು. ಸರದ ಮಲಗ ಅಂದ್ರ, ಬ್ಯಾಡಕ್ಕಾ, ಆ ಕಡೆ ಸರದ್ರ ಅವರ ಗಾಡಿ ವಾಲತೈತಿ ಅಂದ್ಲು. ಹುಚ್ಚಿ. ಗುಬ್ಬಿ ಕುಂತ್ರ ಗಿಡಾ ಬಗ್ಗತೈತೇನು?"

ರಸ್ತೆ ಕಾಣದಂತಾಯಿತು. ಗಾಡಿಯನ್ನು ಬದಿಗೆ ತೆಗೆದು, ಎಂಜಿನ್ ಬಿಸಿಯಾಗಿದೆ ಎಂದು ಹೇಳಿ ಇಳಿದೆ. ಬಾನೆಟ್ಟು ಎತ್ತಿ ನೋಡಿದೆ. ಎಂಜಿನ್ ಸರಿಯಾಗಿಯೇ ಇತ್ತು. ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡು ಮತ್ತೆ ಹತ್ತಿದೆ.

"ಎಂಜಿನ್ ತಣ್ಣಗಾತೇನು?" ಅಕ್ಕ ಕೇಳಿದಳು.

"ಆತು."

"ಕಾಲ ಬುಡಕ ಏನೋ ಕಬ್ಬಣ ಇಟ್ಟೀಯಲ್ಲ, ಅದ ಏನು?"

"ಎಡಗಡೆ ಹಾಕಿದ ಪಾಟಾ. ತೆಗೆದೆ."

"ಅದನ್ನ ಕಮ್ಮಾರನ ಕಡೆ ಕೊಟ್ಟು ಈಳಗಿ ಮಾಡಿಸಿ ಮಗಳಿಗೆ ಕೊಡು. ಪಾಟಾದ ಕಬ್ಬಣದ ಈಳಗಿ ಮೊಮ್ಮಕ್ಕಳ ಕಾಲಕ್ಕೂ ಬಾಳತೈತಿ. ಸುಮ್ನ ಇಟಗೊಂಡು ಒರಸಕೋತ ಕುಂದ್ರಬ್ಯಾಡ." ನಾನು ಒರೆಸಿದ್ದನ್ನು ಅವಳು ನೋಡಿರಲಿಲ್ಲ. ಆದರೂ ಹೇಗೋ ಅವಳಿಗೆ ಗೊತ್ತಾಗಿತ್ತು.

ನರಗುಂದದ ಗುಡ್ಡ ದೂರದಿಂದಲೇ ಕಂಡಿತು. ಮಗಳು ಬಾಗಿಲಲ್ಲೇ ಕಾದಿದ್ದಳು. ಒಳಗೆ ಹತ್ತಿದವಳು ತಾಯಿಯ ಹಾಸಿಗೆಯ ಮೇಲೆ ಅದೇ ಕೌದಿ ಹೊದ್ದು ಮಲಗಿದ್ದ ದೊಡ್ಡವ್ವನನ್ನು ಕಂಡು ಒಂದು ಗಳಿಗೆ ಮೆಟ್ಟಿಲಲ್ಲೇ ನಿಂತಳು. ನಂತರ ಬಗ್ಗಿ ಪಾದ ಮುಟ್ಟಿ, ಬೆರಳು ಆಡಿಸಲು ಹೇಳಿದಳು. ಬೆರಳು ಆಡಿದವು. ಕಾಲಿನ ಉದ್ದ ಹೋಲಿಸಿದಳು.

"ದೊಡ್ಡವ್ವ, ದಾರ್ಯಾಗ ಏನರ ಸರದಂಗಾತೇನು?"

"ಏನಿಲ್ಲವ್ವಾ. ತಾಟಿನ್ಯಾಗ ನೀರ ತಂದಂಗ ತಂದ ನಿಮ್ಮಪ್ಪ" ಎಂದಳು ಅಕ್ಕ. ನನ್ನನ್ನು ಅವಳು ಹೊಗಳಿದ್ದು ನೆನಪಿದ್ದಂತೆ ಅದೊಂದೇ ಸಲ.

ನೆರೆಯವರು ಬಂದು ಕೈಜೋಡಿಸಿದರು, ಅವಳನ್ನು ಒಳಗೆ ಸೇರಿಸಿದೆವು. ಕಿಟಕಿಯ ಹತ್ತಿರ ಮಂಚ ಹಾಕಿದ್ದರು. ಊಟವಾಯಿತು. ಒಳಗೇ ಮಲಗು ಎಂದು ಮಗಳು ಹೇಳಿದಳು. ಗಾಡಿ ತಂದ ದಿನ ಗಾಡಿಯಲ್ಲೇ ಮಲಗುವುದು ರೂಢಿ ಎಂದು ಹೊರಗೆ ಬಂದೆ.

ಗಾಡಿ ಖಾಲಿ ಇತ್ತು. ಗಾದಿಯ ತಗ್ಗನ್ನು ಕೈಯಿಂದ ತಟ್ಟಿ ಸಮ ಮಾಡಿದೆ. ಕೌದಿ ಮಡಚಿದೆ. ಪಾಟಾವನ್ನು ಖಾಲಿ ಚೀಲದಲ್ಲಿ ಸುತ್ತಿ ಮಗಳ ಮನೆಯ ಜಗಲಿಯ ಮೇಲೆ ಇಟ್ಟುಬಂದೆ, ಬೆಳಿಗ್ಗೆ ಕಮ್ಮಾರನ ಮನೆ ಕೇಳಬೇಕು. ನಿಂಬೆಹಣ್ಣನ್ನು ಕಟ್ಟೆಯ ಮೇಲೆ ಇಟ್ಟೆ. ಯಾರೂ ಇಲ್ಲದ, ಏನೂ ಇಲ್ಲದ ಗಾಡಿಯಲ್ಲಿ ಅದು ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ನಿಂತಿತ್ತು. ಇಷ್ಟು ಸಮ ಈ ಗಾಡಿ ಹಿಂದೆಂದೂ ನಿಂತಿರಲಿಲ್ಲ. ಅದನ್ನು ನೋಡಲಾಗದೆ ಜೇಬಿಗೆ ಹಾಕಿಕೊಂಡೆ.

ಇಳಿದು ಬಲಗಾಲಿಗೆ ಕಲ್ಲು ಕೊಟ್ಟೆ. ಕೊಟ್ಟು ಅಲ್ಲೇ ಬಗ್ಗಿದ್ದೆ, ಆ ಕಡೆಯಿಂದ ಕೂಗು ಬರುವವರೆಗೆ ಏಳದಿರುವುದು ಬೆನ್ನಿಗೆ ರೂಢಿಯಾಗಿತ್ತು.

"ಎಡಗೋಲಿಗೆ ಕೊಟ್ಟೀಯೇನೋ?" ಕಿಟಕಿಯಿಂದ ಅಕ್ಕನ ದನಿ ಬಂತು. ತಂಗಿ ತನ್ನ ಅಕ್ಕನಿಗೆ ಏನೆಲ್ಲ ಹೇಳಿಕೊಂಡಿದ್ದಳೋ.

"ಇಲ್ಲಕ್ಕಾ, ಕೊಡತೀನಿ" ಎಂದೆ. ಇನ್ನೊಂದು ಕಲ್ಲು ಹುಡುಕಿ, ಗಾಡಿಯನ್ನು ಸುತ್ತಿ ಹೋಗಿ, ಎಡಗಾಲಿಗೆ ಕಲ್ಲು ಕೊಟ್ಟೆ.